ಕ್ಷಮೆ ಕೇಳುವ ಕಾವಲುನಾಯಿ

ಕಾರ್ಟೂನುಗಳಲ್ಲಿ ಬರುವ ಕಾವಲುನಾಯಿಯನ್ನು ಕಂಡು ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ನನಗೆ ಮಾತ್ರ ಅಯ್ಯೋ ಪಾಪ ಎನಿಸುತ್ತದೆ. ಯಾವ ದೇಶದ ಕಾರ್ಟೂನೇ ಇರಲಿ, ಅದರಲ್ಲೊಂದು ಅಂಗಳ, ಅಂಗಳದ ಮೂಲೆಯಲ್ಲೊಂದು ಹಲಗೆಯ ಗೂಡು, ಗೂಡಿನ ಮುಂದೆ ಮುಂಗಾಲಿನ ಮೇಲೆ ಗದ್ದವಿಟ್ಟು ಮಲಗಿದ ಒಂದು ನಾಯಿ ಇದ್ದೇ ಇರುತ್ತದೆ. ಎದೆ ಗರಡಿಮನೆಯ ಪೈಲ್ವಾನನದು, ಸೊಂಟ ಇರುವೆಯದು. ಕೊರಳಿಗೆ ಮೊಳೆ ಬಡಿದ ಪಟ್ಟಿ. ಬೆಕ್ಕೋ ಇಲಿಯೋ ಕಳ್ಳನೋ ತುದಿಗಾಲಿನಲ್ಲಿ ಅದರ ಮೂಗಿನ ಮುಂದೆಯೇ ಹಾದುಹೋಗಬೇಕು, ಒಂದು ಒಣಕಡ್ಡಿ ಮುರಿಯಬೇಕು, ನಾಯಿಯ ಒಂದೇ ಒಂದು ಕಣ್ಣು ತೆರೆಯಬೇಕು. ಆಮೇಲೆ ಓಟ. ಕಳ್ಳನ ಬೆನ್ನಿಗೆ ಇನ್ನು ನಾಲ್ಕು ಬೆರಳಿದೆ ಎನ್ನುವಾಗ ಸರಪಳಿ ಮುಗಿದುಹೋಗುತ್ತದೆ. ನಾಯಿಯ ನಾಲಿಗೆ ಹೊರಗೆ, ಕಣ್ಣುಗುಡ್ಡೆ ಅದಕ್ಕಿಂತ ಹೊರಗೆ. ಅಷ್ಟರಲ್ಲಿ ಯಜಮಾನ ಬಂದು, ಅವನ ಮುಖವನ್ನು ಯಾರೂ ನೋಡಿದವರಿಲ್ಲ, ಬರೀ ಮೊಣಕಾಲಿನ ಕೆಳಗಿನವನು, ಕಳ್ಳ ತಪ್ಪಿಸಿಕೊಂಡನೆಂದು ನಾಯಿಯ ತಲೆಗೇ ಒಂದು ಬಿಗಿಯುತ್ತಾನೆ. ಆ ನಾಯಿಗೆ ಊಟ ಹಾಕಿದ್ದನ್ನು ನಾನು ಯಾವ ಕಾರ್ಟೂನಿನಲ್ಲೂ ನೋಡಿಲ್ಲ. ರಜೆ ಇಲ್ಲ, ಬಡ್ತಿ ಇಲ್ಲ. ಇಡೀ ಸರ್ವೀಸಿನಲ್ಲಿ ಒಬ್ಬ ಕಳ್ಳನನ್ನಾದರೂ ಪೂರ್ತಿಯಾಗಿ ಹಿಡಿದು ಕೊಟ್ಟಿತೇ ಎಂದರೆ ಅದೂ ಇಲ್ಲ. ಬಹಳ ಅದೃಷ್ಟ ಮಾಡಿದ್ದ ದಿನ ಬಾಯಿಗೆ ಒಂದು ತುಂಡು ಪ್ಯಾಂಟು ಸಿಕ್ಕಿರುತ್ತದೆ.

ಇಷ್ಟೆಲ್ಲ ಕನಿಕರ ಯಾಕೆಂದರೆ, ಅಂಥ ನಾಯಿಗಳಲ್ಲಿ ಒಂದನ್ನು ಬರೆಯುತ್ತಿದ್ದವನು ನಾನೇ. ಹೇಳಿಕೊಳ್ಳಲು ನಾಚಿಕೆಯಾಗುವ ಕಸುಬೇನಲ್ಲ, ಆದರೆ ಹೇಳಿ ಮುಗಿಸುವುದರೊಳಗೆ ಸಾಕಾಗಿಹೋಗುವ ಕಸುಬು. ಮೊದಲು ನಾನು ಶಿವಾಜಿನಗರದ ಒಂದು ಬೋರ್ಡು ಬರೆಯುವ ಅಂಗಡಿಯಲ್ಲಿದ್ದೆ. ಗೇಟುಗಳ ಮೇಲೆ ತೂಗುಹಾಕುವ ‘ನಾಯಿ ಇದೆ, ಎಚ್ಚರಿಕೆ’ ತಗಡಿಗೆ ನಾಯಿಯ ತಲೆ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ಕಿವಿ ನಿಮಿರಿದ, ಕೆಂಪು ನಾಲಿಗೆಯ ಅದೇ ತಲೆಯನ್ನು ಕೋಲ್ಸ್ ಪಾರ್ಕಿನಿಂದ ಹಲಸೂರಿನವರೆಗೆ ಎಷ್ಟು ಗೇಟುಗಳಿಗೆ ಬರೆದೆನೋ. ನಾಯಿಯೇ ಇಲ್ಲದ ಮನೆಯವರು ಸ್ವಲ್ಪ ಹೆಚ್ಚು ಹಲ್ಲು ಬರೆಸಿಕೊಳ್ಳುತ್ತಿದ್ದರು. ತೊಂಬತ್ತರ ದಶಕದ ನಡುವಿನಲ್ಲಿ ಇಂದಿರಾನಗರದಲ್ಲಿ ಪರದೇಶದ ಕಾರ್ಟೂನುಗಳಿಗೆ ಚಿತ್ರ ಬರೆದುಕೊಡುವ ಸ್ಟುಡಿಯೋ ಒಂದು ಶುರುವಾದಾಗ ಪರೀಕ್ಷೆಗೆ ಹೋದೆ. ‘ಏನಾದರೂ ಒಂದು ಪ್ರಾಣಿ ಬರೆಯಿರಿ’ ಎಂದರು. ಕೈ ತಾನಾಗಿ ನಾಯಿ ಬರೆಯಿತು. ಅಂದಿನಿಂದ ಸ್ಟುಡಿಯೋದಲ್ಲಿ ನಾನು ಡಾಗ್ ಮೂರ್ತಿ.

ಇಡೀ ನಾಯಿ ನನ್ನದಾಗಿರಲಿಲ್ಲ. ನಮ್ಮ ಕೆಲಸದಲ್ಲಿ ಹಿರಿಯ ಕಲಾವಿದ ಮೊದಲ ಚಿತ್ರ ಬರೆಯುತ್ತಾನೆ, ಕೊನೆಯ ಚಿತ್ರ ಬರೆಯುತ್ತಾನೆ. ನಡುವಿನ ಏಳೆಂಟು ಹಾಳೆಗಳನ್ನು ದೀಪದ ಗಾಜಿನ ಮೇಲಿಟ್ಟು ತುಂಬಿಸಲು ನನ್ನಂಥವರು ಬೇರೆ ಇರುತ್ತಾರೆ. ಮದುವೆಮನೆಯಲ್ಲಿ ಪಕ್ಕದ ಎಲೆಯವರು ‘ಏನ್ ಕೆಲ್ಸ ಮಾಡ್ತೀರಿ?’ ಎಂದು ಕೇಳಿದರೆ ನಾನು ಪ್ರಾಮಾಣಿಕವಾಗಿ, ‘ನಾಯಿ ಎಗರೋಕೆ ಶುರುಮಾಡೋದನ್ನ ಇನ್ನೊಬ್ಬರು ಬರೀತಾರೆ, ಕಚ್ಚೋದನ್ನೂ ಅವರೇ ಬರೀತಾರೆ. ಮಧ್ಯೆ ಗಾಳಿಯಲ್ಲಿರೋ ನಾಯಿ ನನ್ನದು’ ಎನ್ನುತ್ತಿದ್ದೆ. ಅವರು ತಕ್ಷಣ ಬಡಿಸುವವರನ್ನು ಕೂಗಿ ಸಾರು ಹಾಕಿಸಿಕೊಳ್ಳುತ್ತಿದ್ದರು. ಐದಾರು ವರ್ಷ ಹೀಗೆ ಗಾಳಿಯಲ್ಲೇ ಕಳೆದ ಮೇಲೆ ಹಿರಿಯರೊಬ್ಬರು ಕೆಲಸ ಬಿಟ್ಟು ಹೋದರು, ನಾಯಿ ಪೂರ್ತಿಯಾಗಿ ನನ್ನ ಕೈಗೆ ಬಂತು. ಎಗರುವುದೂ ನನ್ನದೇ, ಕಚ್ಚುವುದೂ ನನ್ನದೇ.

ಆ ಸಂತೋಷವನ್ನು ಹೇಗೆ ಹೇಳಲಿ? ನಾನು ಹುಟ್ಟಾ ಪುಕ್ಕಲ. ಬೆಳಿಗ್ಗೆ ಏಳುವಾಗಲೇ ಏನಾದರೊಂದು ಚಿಂತೆ ಕೈಗೆ ಸಿಗದಿದ್ದರೆ, ಯಾವುದನ್ನೋ ಮರೆತಿದ್ದೇನೆ ಎಂದು ಚಿಂತೆಯಾಗುತ್ತದೆ. ಬಸ್ಸಿನಲ್ಲಿ ನನ್ನ ಕಾಲು ತುಳಿದವರಿಗೆ ನಾನೇ ‘ಸಾರಿ’ ಅಂದಿದ್ದೇನೆ. ಜೀವನ್ ಬಿಮಾ ನಗರದ ನಮ್ಮ ಬಾಡಿಗೆ ಮನೆಯ ಒಡತಿ ಕಮಲಮ್ಮನವರು ಕೆಳಗಿನಿಂದ ‘ಮೂರ್ತಿಯವರೇ’ ಎಂದು ಕರೆದರೆ, ಕರೆದದ್ದು ಹಬ್ಬದ ಒಬ್ಬಟ್ಟು ಕೊಡಲೆಂದೇ ಆದರೂ ಮೆಟ್ಟಿಲು ಇಳಿಯುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಮನೆ ಖಾಲಿ ಮಾಡಿ ಗಾಡಿಗೆ ಸಾಮಾನು ಹೇರಿ ಮುಗಿಸಿರುತ್ತೇನೆ. ಇಂಥವನು ದಿನಕ್ಕೆ ಎಂಟು ಗಂಟೆ ಹಲ್ಲು ಕಿರಿಯಬಹುದು, ಗುರ್ ಎನ್ನಬಹುದು, ಯಾರ ಮೇಲೆ ಬೇಕಾದರೂ ಎಗರಬಹುದು ಎಂದರೆ! ಜಗತ್ತಿನಲ್ಲಿ ನಾನು ಬೊಗಳಬಹುದಾಗಿದ್ದ ಜಾಗ ಅದೊಂದೇ.

ಆ ಜಾಗಕ್ಕೇ ಸಂಚಕಾರ ಬಂತು. ಹೊಸ ಶತಮಾನ ಹುಟ್ಟಿ ಎರಡೋ ಮೂರೋ ವರ್ಷವಾಗಿತ್ತು. ಸ್ಟುಡಿಯೋದ ಅರ್ಧ ಭಾಗಕ್ಕೆ ಕಂಪ್ಯೂಟರು ಬಂದು, ಪೆನ್ಸಿಲಿನವರಾದ ನಾವು ಕಿಟಕಿಯ ಕಡೆಗೆ ಸರಿದು ಸರಿದು ಇನ್ನೊಂದು ಸಲ ಸರಿದರೆ ಕಿಟಕಿಯಿಂದ ಆಚೆಗೇ ಎಂಬಂತಿದ್ದೆವು. ಒಂದು ಗುರುವಾರ ನಮ್ಮ ಮೇಲ್ವಿಚಾರಕ ಪ್ರದೀಪ, ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಬಹಳ ಒಳ್ಳೆಯ ಹುಡುಗ, ಒಂದು ಹಾಳೆ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದ. ಒಳ್ಳೆಯ ಹುಡುಗರು ಹಾಳೆ ಹಿಡಿದು ಮೆಲ್ಲಗೆ ಬಂದರೆ ನನಗೆ ಎದೆ ಹೊಡೆದುಕೊಳ್ಳುತ್ತದೆ.

"ಸರ್, ಬೇಜಾರ್ ಮಾಡ್ಕೋಬೇಡಿ. ಕ್ಲೈಂಟ್ ಕಡೆಯಿಂದ ನೋಟ್ ಬಂದಿದೆ. ಡಾಗ್ ಭಯ ಹುಟ್ಟಿಸ್ತಿಲ್ಲ ಅಂತೆ."

"ಹಲ್ಲು ಸ್ವಲ್ಪ ದೊಡ್ಡದು ಮಾಡ್ಲಾ?"

"ಹಲ್ಲಲ್ಲ ಸರ್ ಪ್ರಾಬ್ಲಮ್ಮು." ಅವನು ಹಾಳೆಯನ್ನು ನನಗೆ ಕಾಣದ ಹಾಗೆ ತಿರುಗಿಸಿಕೊಂಡ. "ಈ ನಾಯಿ ಕ್ಷಮೆ ಕೇಳ್ತಿರೋ ಹಾಗಿದೆ ಅಂತ ಬರ್ದಿದಾರೆ."

ಪಕ್ಕದ ಮೇಜುಗಳಲ್ಲಿ ಪೆನ್ಸಿಲುಗಳು ನಿಂತವು.

"ಸೋಮವಾರ ಹೊಸ ಟೆಸ್ಟ್ ಕಳಿಸ್ಬೇಕು. ಸರಿಹೋಗಿಲ್ಲಾಂದ್ರೆ ಡಾಗ್‌ನ ಕಂಪ್ಯೂಟರ್ ಸೆಕ್ಷನ್‌ಗೆ ಕೊಡ್ಬೇಕಾಗುತ್ತೆ ಸರ್."

"ನಾಯಿ ಹೋದ್ರೆ ನಾನು ಏನಪ್ಪಾ ಮಾಡ್ಲಿ?"

ಪ್ರದೀಪ ಪೆನ್ನಿನ ಮುಚ್ಚಳ ತೆಗೆದ, ಹಾಕಿದ, ಮತ್ತೆ ತೆಗೆದ. "ಅದನ್ನ ಮೇಲಿನೋರು ಡಿಸೈಡ್ ಮಾಡ್ತಾರೆ. ನೀವೊಂದ್ಸಲ ನಿಜವಾದ ನಾಯಿ ನೋಡ್ಕೊಂಡ್ ಬನ್ನಿ ಸರ್. ಲೈವ್ ಸ್ಟಡಿ."

ಸಂಜೆ ಮನೆಗೆ ಬಂದು ಹೆಂಡತಿ ವಿಮಲಾಳ ಮುಂದೆ ನಾಯಿಯ ಚಿತ್ರ ಹರಡಿದೆ. ಅವಳು ವಿಮೆಯ ಕಚೇರಿಯಲ್ಲಿ ದಿನವಿಡೀ ಕ್ಲೇಮುಗಳನ್ನು ನೋಡಿ ಪಳಗಿದವಳು. ಕನ್ನಡಕ ಏರಿಸಿ, ಒಂದೊಂದೇ ಹಾಳೆ ಎತ್ತಿ ನೋಡಿದಳು. ತಲೆಯ ಮೇಲೆ ಒಂದು ವಿಮಾನ ಇಳಿಯುತ್ತಿತ್ತು. ವಿಮಾನ ನಿಲ್ದಾಣದ ಪಕ್ಕದ ನಮ್ಮ ಬಡಾವಣೆಯಲ್ಲಿ ವಿಮಾನ ಹೋಗುವವರೆಗೆ ಮಾತು ನಿಲ್ಲಿಸಿ ಆಮೇಲೆ ಅದೇ ಜಾಗದಿಂದ ಮುಂದುವರಿಸುವುದು ರೂಢಿ. ಅಷ್ಟು ಹೊತ್ತು ನಾನು ಅವಳ ಮುಖ ನೋಡುತ್ತ ಕುಳಿತೆ.

"ಕಮಲಮ್ಮನ್ನ ನೀರಿನ ಮೋಟರ್ ಹಾಕಿ ಅಂತ ಕೇಳ್ತೀರಲ್ಲ, ಆವಾಗಿನ ಮುಖ ಇದು," ಎಂದಳು. "ಹುಬ್ಬು ನೋಡಿ. ನಿಮ್ಮದೇ."

ಅವಳು ಹೇಳಿದ್ದು ಸರಿ. ನಮ್ಮಲ್ಲಿ ಪ್ರತಿ ಮೇಜಿನ ಮೇಲೂ ಒಂದು ಸಣ್ಣ ಕನ್ನಡಿ ಇರುತ್ತದೆ. ನಾಯಿಗೆ ಕೋಪ ಬರಬೇಕಾದರೆ ನಾವು ಕೋಪ ಮಾಡಿಕೊಂಡು ಕನ್ನಡಿ ನೋಡಬೇಕು, ಕಂಡದ್ದನ್ನು ಬರೆಯಬೇಕು. ಇಷ್ಟು ವರ್ಷ ನಾನು ಹಲ್ಲು ಕಿರಿದಿದ್ದೆನೇ ಹೊರತು ಹುಬ್ಬಿನ ಕಡೆಗೆ ನೋಡಿರಲಿಲ್ಲ. ಹುಬ್ಬುಗಳು ನಡುಹಣೆಯಲ್ಲಿ ಮೇಲೆದ್ದು, ಎರಡೂ ಪಕ್ಕಕ್ಕೆ ಇಳಿಬಿದ್ದು, ‘ಕಚ್ಚುತ್ತಿದ್ದೇನೆ, ತೊಂದರೆಯಾಗುತ್ತಿಲ್ಲ ತಾನೇ?’ ಎಂದು ಕೇಳುತ್ತಿದ್ದವು. ನನ್ನ ಪುಕ್ಕಲುತನ ಸದ್ದಿಲ್ಲದೆ ಪೆನ್ಸಿಲಿನಿಂದ ಇಳಿದು ಆ ಪೈಲ್ವಾನನ ಹಣೆಯ ಮೇಲೆ ಹೋಗಿ ಕುಳಿತುಬಿಟ್ಟಿತ್ತು. ಶುಕ್ರವಾರ ಬೆಳಿಗ್ಗೆ ಬಚ್ಚಲುಮನೆಯ ಕನ್ನಡಿಯ ಮುಂದೆ ನಿಂತು, ಹುಬ್ಬುಗಳನ್ನು ಬೆರಳಿನಿಂದ ಕೆಳಕ್ಕೆ ಒತ್ತಿಹಿಡಿದು, ಗಂಟಲೊಳಗಿನಿಂದ ಗುರುಗುಟ್ಟಿ, ಸಾಲದೆಂದು ನಾಲ್ಕು ಸಲ ಗಟ್ಟಿಯಾಗಿಯೇ ಬೊಗಳಿದೆ. ಐದೇ ನಿಮಿಷದಲ್ಲಿ ಕಮಲಮ್ಮನವರು ಬಾಗಿಲಿಗೆ ಬಂದಿದ್ದರು.

"ವಿಮಲಾ, ಅಗ್ರಿಮೆಂಟಲ್ಲಿ ನಾಯಿ ಸಾಕ್ಬಾರ್ದು ಅಂತ ಬರ್ದಿದೆ ಕಣಮ್ಮಾ."

"ನಾಯಿ ಅಲ್ಲ ಆಂಟಿ, ನಮ್ಮನೆಯವರು."

ಕಮಲಮ್ಮನವರು ದನಿ ತಗ್ಗಿಸಿದರು. "ಡಾಕ್ಟರ್‌ಗೆ ತೋರಿಸ್ದ್ರಾ?" ಎಂದು ಕೇಳಿದ್ದು ಬಚ್ಚಲಿಗೆ ಕೇಳಿಸಿತು.

ನಿಜವಾದ ನಾಯಿ ನೋಡುವುದೊಂದೇ ದಾರಿ ಎಂದಾಯಿತು. ಬೀದಿನಾಯಿಗಳಿಗೆ ಬರವಿರಲಿಲ್ಲ, ಆದರೆ ಅವು ಗುಂಪಿನಲ್ಲಿರುತ್ತವೆ, ಗುಂಪಿನಲ್ಲಿ ಯಾರು ಬೇಕಾದರೂ ಬೊಗಳುತ್ತಾರೆ. ನನಗೆ ಬೇಕಾಗಿದ್ದುದು ಒಂದು ಅಂಗಳವನ್ನು ತನ್ನದೆಂದು ನಂಬಿದ ಒಂಟಿ ನಾಯಿ. ನಮ್ಮ ಸ್ಟುಡಿಯೋದ ಮೇಜುಗಳಿಗೆ ಮರ ಕೊಟ್ಟಿದ್ದ ಸೆಲ್ವಂ ಎಂಬವರ ಮರದ ಮಂಡಿ ಮರ್ಫಿ ಟೌನಿನಲ್ಲಿತ್ತು. ಅಲ್ಲಿ ಒಂದು ನಾಯಿ ಇದೆ, ಅಂಚೆಯವನು ಕಾಗದಗಳನ್ನು ಗೋಡೆಯಾಚೆಯಿಂದಲೇ ಎಸೆದು ಹೋಗುತ್ತಾನೆ ಎಂಬ ಖ್ಯಾತಿ ಇತ್ತು. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಸ್ಕೆಚ್ ಪುಸ್ತಕ ಹಿಡಿದು ಹೋದೆ. ಸೆಲ್ವಂ ಗೇಟಿನ ಪಕ್ಕದ ಕುರ್ಚಿಯಲ್ಲಿ ಟೀ ಕುಡಿಯುತ್ತಿದ್ದರು.

"ಏನ್ ಸಾರ್, ಟೇಬಲ್ ಅಲ್ಲಾಡ್ತಿದ್ಯಾ?"

"ಇಲ್ಲಪ್ಪ. ನಿಮ್ಮ ನಾಯೀನ ನೋಡೋಣ ಅಂತ ಬಂದೆ."

"ಮಣೀನಾ? ನೋಡಕ್ಕಾ?" ಅವರು ಟೀ ಲೋಟ ಕೆಳಗಿಟ್ಟರು. "ಇಷ್ಟು ವರ್ಷದಲ್ಲಿ ಅವನನ್ನ ನೋಡಕ್ಕೆ ಅಂತ ಬಂದೋರು ನೀವೇ ಫಸ್ಟು ಸಾರ್. ಮಿಕ್ಕೋರೆಲ್ಲಾ ಅವನನ್ನ ನೋಡಿ ವಾಪಸ್ ಹೋಗ್ತಾರೆ."

ಮಣಿ ಹಲಗೆಗಳ ರಾಶಿಯ ನೆರಳಿನಲ್ಲಿ ಮಲಗಿತ್ತು. ಪೈಲ್ವಾನನ ಎದೆಯೇನಿಲ್ಲ, ಪಕ್ಕೆಲುಬು ಎಣಿಸಬಹುದಾದ ಕಂದುಬಣ್ಣದ ನಾಯಿ, ಒಂದು ಕಿವಿ ಹರಿದಿತ್ತು. ಕೊರಳಿನಿಂದ ಹೊರಟ ಸರಪಳಿ ಹಲಗೆಗಳ ಹಿಂದೆ ಹೋಗಿ ಮರೆಯಾಗಿತ್ತು. ಈಗ ನೀವು ನನ್ನ ಬುದ್ಧಿವಂತಿಕೆಯನ್ನು ಗಮನಿಸಬೇಕು. ಕಾರ್ಟೂನಿನಲ್ಲಿ ಸರಪಳಿ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ನಾಯಿ ಓಡಾಡಿ ಓಡಾಡಿ ಹುಲ್ಲು ಸವೆದು, ಅಂಗಳದಲ್ಲಿ ಅರ್ಧಚಂದ್ರದ ಗುರುತು ಮೂಡಿರುತ್ತದೆ. ಆ ಗೆರೆಯಾಚೆ ನಿಂತವನಿಗೆ ಏನೂ ಆಗುವುದಿಲ್ಲ. ಅದನ್ನು ನಾನೇ ಎಷ್ಟೋ ಸಲ ಬರೆದಿದ್ದೇನೆ. ಸೆಲ್ವಂ ಮಂಡಿಯ ಮರದ ಪುಡಿಯಲ್ಲೂ ಅಂಥದೊಂದು ಅಚ್ಚುಕಟ್ಟಾದ ಅರ್ಧಚಂದ್ರ ಕಾಣಿಸಿತು. ಅದರಿಂದ ಒಂದು ಗೇಣು ಆಚೆಗೆ ಒಂದು ಮರದ ದಿಮ್ಮಿಯ ಮೇಲೆ ಕುಳಿತೆ.

ಎರಡನೆಯ ಬುದ್ಧಿವಂತಿಕೆಯೂ ಇದೆ. ನಮ್ಮ ಕಸುಬಿನ ಮೊದಲ ಪಾಠವೆಂದರೆ, ಯಾವ ಪ್ರಾಣಿಯೂ ಮುಂದಕ್ಕೆ ಎಗರುವ ಮೊದಲು ಸ್ವಲ್ಪ ಹಿಂದಕ್ಕೆ ಸರಿಯಬೇಕು. ಬೆನ್ನು ಬಿಲ್ಲಾಗಬೇಕು, ಹಿಂಗಾಲು ಮಡಿಸಬೇಕು, ನೋಡುವವರಿಗೆ ‘ಓಹೋ, ಈಗ ಎಗರುತ್ತದೆ’ ಎಂದು ತಿಳಿಯಬೇಕು. ಅದಕ್ಕೆಂದೇ ಎಂಟು ಹಾಳೆ ಮೀಸಲಿಡುತ್ತೇವೆ. ಸೆಕೆಂಡಿಗೆ ಹನ್ನೆರಡು ಹಾಳೆಯ ಲೆಕ್ಕದಲ್ಲಿ ಎಂಟು ಹಾಳೆ ಎಂದರೆ ಮುಕ್ಕಾಲು ಸೆಕೆಂಡಿಗೆ ಒಂದಿಷ್ಟು ಕಡಿಮೆ. ಅಷ್ಟರಲ್ಲಿ ಎದ್ದು ನಾಲ್ಕು ಹೆಜ್ಜೆ ಇಡಬಹುದು ಎಂದು ನಾನು ಲೆಕ್ಕ ಹಾಕಿಕೊಂಡಿದ್ದೆ. ಪೆನ್ಸಿಲು ತೆಗೆದು, ಹುಬ್ಬು ಹೇಗಿದೆ ಎಂದು ನೋಡಲು ಸ್ವಲ್ಪ ಬಗ್ಗಿದೆ. ಮಣಿಯ ಒಂದು ಕಣ್ಣು ತೆರೆಯಿತು. ಎಷ್ಟು ಸಂತೋಷವಾಯಿತು! ಸರಿಯಾಗಿ ನಾವು ಬರೆದ ಹಾಗೆಯೇ, ಒಂದೇ ಕಣ್ಣು! ಇನ್ನು ಹಿಂದಕ್ಕೆ ಸರಿಯುತ್ತದೆ ಎಂದು ಕಾದೆ.

ಸರಿಯಲಿಲ್ಲ. ನಿಜವಾದ ನಾಯಿಗೆ ನೋಡುವವರ ಅನುಕೂಲದ ಪರಿವೆಯೇ ಇಲ್ಲ. ಮಲಗಿದ್ದ ನಾಯಿಗೂ ಗಾಳಿಯಲ್ಲಿದ್ದ ನಾಯಿಗೂ ನಡುವೆ ಒಂದೇ ಒಂದು ಹಾಳೆಯೂ ಇರಲಿಲ್ಲ. ನಾನು ದಿಮ್ಮಿಯ ಹಿಂದಕ್ಕೆ ಮಗುಚಿಬಿದ್ದೆ. ಬಿದ್ದವನಿಗೆ ಒಂದು ಧೈರ್ಯವಿತ್ತು, ಇನ್ನೇನು ಸರಪಳಿ ಮುಗಿಯುತ್ತದೆ. ಸರಪಳಿ ಅರ್ಧಚಂದ್ರವನ್ನು ದಾಟಿತು. ದಿಮ್ಮಿಯನ್ನು ದಾಟಿತು. ಅದರ ಇನ್ನೊಂದು ತುದಿ ಹಲಗೆಗಳ ಹಿಂದಿನಿಂದ ಝಣಝಣ ಎನ್ನುತ್ತ ಸ್ವತಂತ್ರವಾಗಿ ಹೊರಗೆ ಬಂತು.

"ಓಡ್ಬೇಡಿ ಸಾರ್! ಓಡಿದ್ರೆ ಮಾತ್ರ ಅವನು ಕಚ್ಚೋದು!" ಎಂದು ಸೆಲ್ವಂ ಕೂಗಿದ್ದು ನನಗೆ ಕೇಳಿಸಿತು. ಕೇಳಿಸಿದಾಗ ನಾನು ಗೇಟು ದಾಟಿ ರಸ್ತೆಯ ತಿರುವಿನಲ್ಲಿದ್ದೆ. ಮರ್ಫಿ ಟೌನಿನ ಆ ಸಂದಿಯಲ್ಲಿ ನಲ್ಲಿಯ ಮುಂದೆ ಕೊಡ ಇಟ್ಟು ನಿಂತ ಹೆಂಗಸರು, ಸ್ಕೂಟರು ಬಿಚ್ಚಿಕೊಂಡು ಕುಳಿತ ಮೆಕ್ಯಾನಿಕ್ಕು, ಎಲ್ಲರೂ ದಾರಿ ಬಿಟ್ಟರು. ಒಬ್ಬರಾದರೂ ನಾಯಿಗೆ ಅಡ್ಡ ಬರಲಿಲ್ಲ. ‘ಬಿಡ್ಬೇಡ ಮಣಿ!’ ಎಂದು ಯಾರೋ ಹುರಿದುಂಬಿಸಿದರು. ಬಹುಶಃ ನನ್ನನ್ನು ಕಳ್ಳನೆಂದುಕೊಂಡಿರಬೇಕು, ತಪ್ಪೂ ಅಲ್ಲ, ನನ್ನ ಓಟ ಹಾಗಿತ್ತು. ಕೊನೆಗೆ ಹಿಂದಿನಿಂದ ಪರ್ ಎಂಬ ಒಂದು ಶಬ್ದ ಬಂತು, ತಂಗಾಳಿ ಬೀಸಿದ ಅನುಭವವಾಯಿತು, ಮಣಿ ತನಗೆ ಬೇಕಾದದ್ದು ಸಿಕ್ಕಿತೆಂಬಂತೆ ಬಟ್ಟೆಯ ತುಂಡು ಕಚ್ಚಿಕೊಂಡು ಗಂಭೀರವಾಗಿ ಹಿಂದಿರುಗಿತು. ಕಾರ್ಟೂನಿನಲ್ಲಿ ಇಂಥ ಹೊತ್ತಿನಲ್ಲಿ ಕಳ್ಳನ ಒಳಚಡ್ಡಿಗೆ ಕೆಂಪು ಚುಕ್ಕೆ ಬರೆಯುವುದು ವಾಡಿಕೆ. ನನ್ನದು ಬಿಳಿಯದು, ಚುಕ್ಕೆ ಇರಲಿಲ್ಲ. ಆದರೂ ಜನ ನಕ್ಕರು.

ಸೆಲ್ವಂ ಸ್ಕೆಚ್ ಪುಸ್ತಕವನ್ನೂ ಒಂದು ಹಳೆಯ ಲುಂಗಿಯನ್ನೂ ತಂದು ಕೊಟ್ಟರು.

"ಕಟ್ಟಿಲ್ವಲ್ರೀ ನಾಯೀನ!" ಎಂದೆ. ದನಿ ಅಳುವಂತಿತ್ತು.

"ಕಟ್ಟಿದ್ರೆ ಊಟ ಮಾಡಲ್ಲ ಸಾರ್ ಅವನು. ಚೈನು ಸುಮ್ನೆ, ನೋಡೋರಿಗೆ ಧೈರ್ಯ ಬರ್ಲಿ ಅಂತ."

"ಮತ್ತೆ ನೆಲದ ಮೇಲೆ ಆ ರೌಂಡು?"

"ಅದಾ? ಲಾರಿ ರಿವರ್ಸ್ ತಗೊಳ್ಳುತ್ತಲ್ಲ, ಟೈರ್‌ದು."

ಲುಂಗಿ ಉಟ್ಟು ಆಟೋದಲ್ಲಿ ಮನೆಗೆ ಬಂದೆ. ವಿಮಲಾ ಮೈಮೇಲೆಲ್ಲ ಹುಡುಕಿ, ಹಲ್ಲು ತಾಗಿಲ್ಲವೆಂದು ಖಾತ್ರಿಮಾಡಿಕೊಂಡು, ಆಮೇಲೆ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕಳು. ಪಾಪ, ನನ್ನೆದುರಿಗೆ ನಗಲಿಲ್ಲ.

ಭಾನುವಾರ ಬೆಳಿಗ್ಗೆ ಬರೆಯಲು ಕುಳಿತಾಗ ನಿಜವಾದ ದುರಂತ ತಿಳಿಯಿತು. ನಾನು ಮಣಿಯನ್ನು ನೋಡಿಯೇ ಇರಲಿಲ್ಲ. ಎಗರಿದ ಕ್ಷಣದಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ, ಆಮೇಲೆ ಬೆನ್ನು ತಿರುಗಿಸಿದ್ದೆ. ಅದರ ಹುಬ್ಬು ಹೇಗಿತ್ತು, ತುಟಿ ಎಲ್ಲಿ ಮಡಿಸಿತು, ಒಂದೂ ಗೊತ್ತಿಲ್ಲ. ಹಾಳೆಯ ಮೇಲೆ ಹಾಳೆ ಬರೆದೆ. ನಾಯಿ ಪ್ರತಿ ಸಲವೂ ವಿನಯದಿಂದ ಎಗರಿತು. ಕ್ಲೈಂಟಿಗೆ ಮಾದರಿಯಾಗಿ ಕಳಿಸಬೇಕಾಗಿದ್ದ ದೃಶ್ಯದಲ್ಲಿ ಕಡುಬು ಕದಿಯಲು ಬರುವ ಒಬ್ಬ ನರಪೇತಲ ಕಳ್ಳನೂ ಇದ್ದ. ಟೆಸ್ಟಿಗೆ ಅವನು ಬೇಕು, ಆದರೆ ಯಾರ ಗಮನವೂ ಅವನ ಮೇಲಿರುವುದಿಲ್ಲ. ಬೇಸತ್ತು, ಊಟವಾದ ಮೇಲೆ ಅವನನ್ನು ಬರೆದು ಮುಗಿಸಿಬಿಡೋಣವೆಂದು ಕುಳಿತೆ. ಕೈ ನಿಲ್ಲಲೇ ಇಲ್ಲ. ಮೊಣಕಾಲು ಒಂದಕ್ಕೊಂದು ತಾಗುವುದು, ಓಡುತ್ತಲೇ ಕೈಯಿಂದ ಹಿಂಭಾಗ ಮುಚ್ಚಿಕೊಳ್ಳುವುದು, ಬಾಯಿ ಕೂಗಲು ತೆರೆದು ಸ್ವರವೇ ಬರದಿರುವುದು, ಎದುರಿಗೆ ಬಂದವರಿಗೆ ಆ ಸ್ಥಿತಿಯಲ್ಲೂ ದಾರಿ ಬಿಟ್ಟು ಪಕ್ಕಕ್ಕೆ ಸರಿಯುವುದು. ಮೂರು ಗಂಟೆಗಳಲ್ಲಿ ನಲವತ್ತು ಹಾಳೆ ಮುಗಿದಿದ್ದವು. ಒಂದನ್ನೂ ಉಜ್ಜಿ ಅಳಿಸಿರಲಿಲ್ಲ.

ಸೋಮವಾರ ಟೆಸ್ಟು ಹೋಯಿತು. ಬುಧವಾರ ಪ್ರದೀಪ ಮತ್ತೆ ಹಾಳೆ ಹಿಡಿದು ಬಂದ, ಮೆಲ್ಲಗೆ. "ಸರ್, ಡಾಗ್ ಹೋಯ್ತು," ಎಂದ. ನಾನು ಪೆನ್ಸಿಲುಗಳನ್ನು ಡಬ್ಬಿಗೆ ಹಾಕತೊಡಗಿದೆ. "ಆದ್ರೆ ಕಳ್ಳನ್ನ ಬರ್ದಿದ್ದು ಯಾರು ಅಂತ ಕೇಳ್ತಿದಾರೆ. ಇಷ್ಟು ಭಯ ಅವ್ರು ಎಲ್ಲೂ ನೋಡಿಲ್ವಂತೆ. ಇನ್ಮೇಲೆ ಓಡಿಹೋಗೋರೆಲ್ಲ ನಿಮ್ಮವರೇ ಸರ್!"

ಕೆಲಸ ಉಳಿಯಿತು. ಎಲ್ಲರೂ ಕೈ ಕುಲುಕಿದರು. ನನಗೆ ಮಾತ್ರ ಯಾರೋ ನನ್ನ ಜಾತಕವನ್ನು ನೋಟೀಸು ಬೋರ್ಡಿಗೆ ಅಂಟಿಸಿದಂತಾಯಿತು. ನಲವತ್ತಾರು ವರ್ಷ ನಾನು ಗುಟ್ಟಾಗಿ ಕಾಪಾಡಿಕೊಂಡು ಬಂದ ಒಂದೇ ಒಂದು ಸಂಗತಿ ಸಮುದ್ರದಾಚೆಯವರಿಗೆ ನಲವತ್ತು ಹಾಳೆಯಲ್ಲಿ ತಿಳಿದುಹೋಗಿತ್ತು. ನಾಯಿ ಕಂಪ್ಯೂಟರ್ ವಿಭಾಗದ ಅನಿತಾಳಿಗೆ ಹೋಯಿತು. ಕೆ.ಆರ್. ಪುರದಿಂದ ಎರಡು ಬಸ್ಸು ಬದಲಾಯಿಸಿ ಬರುವ, ಲಿಫ್ಟಿನಲ್ಲಿ ಯಾರಾದರೂ ನೋಡಿದರೆ ತಲೆ ತಗ್ಗಿಸುವ ಇಪ್ಪತ್ತಮೂರರ ಹುಡುಗಿ. ಅವಳ ನಾಯಿಯನ್ನು ಪರದೆಯ ಮೇಲೆ ಮೊದಲ ಸಲ ಕಂಡಾಗ ನಾನು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡೆ. ಆ ಹುಬ್ಬು! ಬಸ್ಸಿನಲ್ಲಿ ಅವಳ ಕಾಲು ತುಳಿದವರೆಲ್ಲ ಅದರೊಳಗಿದ್ದರು.

ಈಗ ಅವಳ ನಾಯಿ ನನ್ನ ಕಳ್ಳನನ್ನು ಅಟ್ಟಿಸಿಕೊಂಡು ಬರಬೇಕು. ನಲವತ್ತೆಂಟನೇ ಚಿತ್ರದಲ್ಲಿ ಪ್ಯಾಂಟು ಹರಿಯಬೇಕು. ನಾನು ಬರೆದು ಕೊಟ್ಟೆ, ಹರಿಯಲಿಲ್ಲ. ತಿದ್ದಿ ಕೊಟ್ಟೆ, ಆಗಲೂ ಹರಿಯಲಿಲ್ಲ. ಮೂರನೆಯ ಸಲ ಅನಿತಾ ನನ್ನ ಮೇಜಿಗೇ ಬಂದಳು.

"ಸರ್, ಲೆಕ್ಕ ಎಲ್ಲಾ ಸರಿಯಾಗಿದೆ. ಆದ್ರೆ ನಿಮ್ಮ ಕಳ್ಳ ಒಂದು ಹೆಜ್ಜೆ ಮುಂದೇನೇ ಇರ್ತಾನೆ. ಸಿಗ್ತಾನೇ ಇಲ್ಲ."

ನನಗೆ ಗೊತ್ತಿತ್ತು. ನಲವತ್ತನೇ ಹಾಳೆಗೆ ಬಂದಾಗ, ಹಿಂದೆ ಅವಳ ನಾಯಿ ಬರುತ್ತಿದೆಯೆಂದು ನೆನಪಾದರೆ, ನನ್ನ ಕೈ ತಾನಾಗಿ ಹೆಜ್ಜೆ ಉದ್ದ ಮಾಡುತ್ತಿತ್ತು. ಸುತ್ತ ನೋಡಿ, ದನಿ ತಗ್ಗಿಸಿ ಕೇಳಿದೆ: "ನಾಯೀನ ಒಂಚೂರು ನಿಧಾನ ಮಾಡಕ್ಕಾಗುತ್ತೇನಮ್ಮಾ?"

ಅವಳೂ ಸುತ್ತ ನೋಡಿದಳು. "ಬೇಡ ಸರ್, ಪ್ಲೀಸ್. ನಿಧಾನ ಮಾಡಿದ್ರೆ ನನ್ನ ಕೈಯಿಂದಾನೂ ಡಾಗ್ ತಗೊಂಡ್ಬಿಡ್ತಾರೆ. ಆರು ತಿಂಗಳ ಪ್ರೊಬೇಷನ್ ಇನ್ನೂ ಮುಗಿದಿಲ್ಲ ನಂದು."

 ಅವಳು ಹೋದ ಮೇಲೆ ಪೆನ್ಸಿಲು ಕೆತ್ತಿ, ಕಳ್ಳನನ್ನು ಒಂದು ಹೆಜ್ಜೆ ಹಿಂದಕ್ಕೆ ಎಳೆದು, ನಲವತ್ತೆಂಟನೇ ಹಾಳೆಯಲ್ಲಿ ಅವನ ಪ್ಯಾಂಟನ್ನು ನಾನೇ ಹರಿದು ಅವಳ ನಾಯಿಯ ಬಾಯಿಗೆ ಕೊಟ್ಟೆ.